ಜಪಾನಿನ ಕಾರ್ಖಾನೆ ನೋಡಲು ಹೊರಟವರು ಮೊದಲು ಮೈಸೂರಿನ ಮಗ್ಗ ನೋಡಿರಿ

ಮಂಡ್ಯ, ಮೈಸೂರು ಕಡೆಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆಂದು ಜಪಾನಿಗೆ ಹೊರಟಾಗ, ವೀಸಾ ಅರ್ಜಿ ತುಂಬುವ ದಿನಗಳಲ್ಲಿಯೇ ಮಾಡಬೇಕಾದ ಒಂದು ಕೆಲಸವಿದೆ. ಮನೆಯ ಹತ್ತಿರದ ಒಂದು ಕಾರ್ಖಾನೆಯನ್ನು ಅವರು ನಿಧಾನವಾಗಿ ನೋಡಿ ಬರಬೇಕು. ಮಂಡ್ಯದಲ್ಲಿ 1933ರಲ್ಲಿ ಆರಂಭವಾದ ಮೈಶುಗರ್ ಸಕ್ಕರೆ ಕಾರ್ಖಾನೆ ಇದೆ. ಅದನ್ನು ಕಬ್ಬು ಅರೆಯುವ ಹಂಗಾಮಿನಲ್ಲಿ ನೋಡಿದರೆ ಮಾತ್ರ ಪ್ರಯೋಜನ. ಮೈಸೂರಿನಲ್ಲಿ 1912ರಿಂದ ನಡೆದುಬಂದಿರುವ ರೇಷ್ಮೆ ನೇಯ್ಗೆ ಕಾರ್ಖಾನೆ ಇದೆ. ಜಪಾನಿನ ಪ್ರವಾಸಕ್ಕೆ ನಾನು ಆರಿಸುವುದು ಈ ಎರಡನೆಯದನ್ನೇ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಗೋಯಾ ನಗರದಲ್ಲಿ ಟೊಯೋಟಾ ಸಮೂಹದ ಕೈಗಾರಿಕಾ ವಸ್ತುಸಂಗ್ರಹಾಲಯವಿದೆ. ಹಳೆಯ ಜವಳಿ ಗಿರಣಿಯ ಕಟ್ಟಡದಲ್ಲಿ 1994ರಲ್ಲಿ ತೆರೆದ ಈ ಸಂಗ್ರಹಾಲಯದ ಒಂದು ಭಾಗ ಕಾರುಗಳಿಗೆ ಸೇರಿದ್ದರೆ, ಇನ್ನೊಂದು ಭಾಗ ಮಗ್ಗಗಳಿಗೆ ಸೇರಿದೆ. ಕಾರು ಕಂಪನಿಯನ್ನು ಕಟ್ಟಿದ ಕಿಯಿಚಿರೋ ಟೊಯೋಡಾ ಅವರ ತಂದೆ ಸಾಕಿಚಿ ಟೊಯೋಡಾ ಮಗ್ಗಗಳನ್ನು ರೂಪಿಸಿದವರು. ಅವರ 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗವು ಓಡುತ್ತಿರುವಾಗಲೇ ಅಡ್ಡ ನೂಲನ್ನು ಒಯ್ಯುವ ಲಾಳಿಯನ್ನು ತಾನಾಗಿ ಬದಲಿಸಿಕೊಳ್ಳುತ್ತದೆ ಮತ್ತು ಹಾಸಿನ, ಅಂದರೆ ಉದ್ದ ನೂಲಿನ, ಒಂದು ಎಳೆ ಕಡಿದರೂ ತಾನಾಗಿ ನಿಲ್ಲುತ್ತದೆ. ಎಳೆಯ ಮೇಲೆ ತೂಗುವ ತೆಳು ಲೋಹದ ಪಟ್ಟಿ, ಎಳೆ ಕಡಿದೊಡನೆ ಕೆಳಗೆ ಜಾರಿ ಯಂತ್ರವನ್ನು ನಿಲ್ಲಿಸುತ್ತದೆ. ನಾಗಮಂಗಲದ ಕಡೆಯ ಒಬ್ಬ ವಿದ್ಯಾರ್ಥಿನಿ ಆ ಮಗ್ಗದ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದಳು. ಮೈಸೂರಿನಲ್ಲಿ ಹಾಸು, ಹೊಕ್ಕು (ಅಡ್ಡ ನೂಲು), ಲಾಳಿ ಯಾವುದೆಂದು ನೋಡಿ ಬಂದಿದ್ದ ಅವಳಿಗೆ ಪಟ್ಟಿ ಜಾರಿದ ಕ್ಷಣವೇ ಎಲ್ಲವೂ ತಿಳಿಯಿತು. ಮಗ್ಗವನ್ನೇ ಕಾಣದಿದ್ದವರು ಫೋಟೊ ತೆಗೆದುಕೊಂಡು ಮುಂದೆ ಹೋದರು.

ಮರುದಿನ ಟೊಯೋಟಾ ನಗರದ ಕಾರು ಕಾರ್ಖಾನೆಯಲ್ಲಿ ಕಾಣುವುದು ಇದೇ ತತ್ತ್ವದ ದೊಡ್ಡ ರೂಪ. ಜೋಡಣೆಯ ಸಾಲಿನಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆಯುತ್ತಾನೆ ಅಥವಾ ಗುಂಡಿ ಒತ್ತುತ್ತಾನೆ. ಮೇಲಿನ ಆಂಡಾನ್ ಎಂಬ ಸೂಚನಾ ಫಲಕದಲ್ಲಿ ಆ ಸ್ಥಳದ ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕಾರು ನಿಗದಿತ ಗೆರೆ ತಲುಪುವುದರೊಳಗೆ ದೋಷ ಸರಿಹೋದರೆ ಸಾಲು ನಿಲ್ಲುವುದಿಲ್ಲ, ಇಲ್ಲವಾದರೆ ನಿಲ್ಲುತ್ತದೆ. ಆದ್ದರಿಂದ ರೋಬಾಟ್‌ಗಳನ್ನು ನೋಡುತ್ತಲೇ ಕಾಲ ಕಳೆಯದೆ, ಒಂದೇ ಕೆಲಸದ ಜಾಗವನ್ನು ಆರಿಸಿಕೊಂಡು, ಕೆಲಸಗಾರನ ಕೈ ಎಲ್ಲಿಗೆ ಹೋಗುತ್ತದೆ, ಬಿಡಿಭಾಗ ಯಾವ ಕಡೆಯಿಂದ ಬರುತ್ತದೆ, ದೀಪ ಯಾವಾಗ ಹೊತ್ತುತ್ತದೆ ಎಂಬುದನ್ನು ಗಮನಿಸಬೇಕೆಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿರಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಇದನ್ನು ನಾನು ಅನುಕೂಲವೆಂದೇ ಭಾವಿಸುತ್ತೇನೆ, ಏಕೆಂದರೆ ಜೇಬಿನ ಪುಸ್ತಕದಲ್ಲಿ ಬರೆದ ನಾಲ್ಕು ಗೆರೆಗಳ ಚಿತ್ರ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಚಪ್ಪಲಿ ಬೇಡ, ಕಾಲು ಪೂರ್ತಿ ಮುಚ್ಚುವ ಶೂ ಇರಲಿ.

ದಿನಾಂಕಗಳನ್ನು ಗೊತ್ತುಮಾಡುವುದು ಇಡೀ ತಯಾರಿಯಲ್ಲಿ ಅತಿ ಸೂಕ್ಷ್ಮವಾದ ಭಾಗ. ಕಾರ್ಖಾನೆಯ ಭೇಟಿಗೆ ಮುಂಗಡ ನೋಂದಣಿ ಬೇಕು. ಶನಿವಾರ, ಭಾನುವಾರ ಭೇಟಿ ಸಿಗುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಆಗಸ್ಟ್ ಮಧ್ಯದಲ್ಲಿ ಮತ್ತು ಹೊಸ ವರ್ಷದ ಸುಮಾರಿಗೆ ಜಪಾನಿನಲ್ಲಿ ದೀರ್ಘ ರಜೆಗಳು ಬರುತ್ತವೆ. ನಗೋಯಾದ ವಸ್ತುಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ. ಒಮ್ಮೆ ಪ್ರವಾಸದ ಏಜೆನ್ಸಿಯವರು ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಕ್ಯೋಟೋ ಎಂದು ಒಂದೇ ದಿನಕ್ಕೆ ತುರುಕಿದ್ದರಿಂದ, ಕಾರ್ಖಾನೆಯಲ್ಲಿ ಪ್ರಶ್ನೆ ಕೇಳಲು ಸಮಯವಿರಲಿಲ್ಲ, ಕ್ಯೋಟೋ ತಲುಪಿದಾಗ ದೇವಾಲಯಗಳ ಬಾಗಿಲು ಹಾಕುವ ಹೊತ್ತಾಗಿತ್ತು. ಮಕ್ಕಳ ಮನೆಯವರು ಕೂಡಿಟ್ಟ ಹಣದಲ್ಲಿ ಹೋದ ಪ್ರವಾಸ ಹೀಗೆ ವ್ಯರ್ಥವಾಗುವುದನ್ನು ನೋಡಲಾಗದು. ಕಾರ್ಖಾನೆಗೆ ಒಂದು ಪೂರ್ತಿ ದಿನ ಕೊಡಿ.

ಸ್ಥಳ ವೀಕ್ಷಣೆಗೆ ನಗೋಯಾ ಕೋಟೆಯಿಂದ ಆರಂಭಿಸಬಹುದು. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಅದರ ಮುಖ್ಯ ಗೋಪುರವನ್ನು 1959ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಪಕ್ಕದ ಹೊನ್‌ಮಾರು ಅರಮನೆಯನ್ನು ಮರದಲ್ಲಿಯೇ ಪುನರ್ನಿರ್ಮಿಸಿ 2018ರಲ್ಲಿ ಪೂರ್ಣಗೊಳಿಸಿದರು. 1897ರಲ್ಲಿ ಮರದ ಅರಮನೆ ಸುಟ್ಟು, 1912ರಲ್ಲಿ ಹೊಸ ಅರಮನೆ ಪೂರ್ಣಗೊಂಡ ಊರಿನಿಂದ ಬಂದವರು ಕಲ್ಲು, ಕಬ್ಬಿಣಕ್ಕೆ ಬದಲಾಗುವುದು ಮತ್ತು ಮರಕ್ಕೇ ಮರಳುವುದು ಎಂಬ ಎರಡು ದಾರಿಗಳನ್ನೂ ಅಲ್ಲಿ ಚರ್ಚಿಸಬಹುದು. ಕ್ಯೋಟೋಗೆ ಮರುದಿನ ಹೋಗಿ. ಶಿಂಕಾನ್‌ಸೆನ್ ರೈಲಿನಲ್ಲಿ ಸುಮಾರು 35 ನಿಮಿಷದ ದಾರಿ. ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ ಆ ರೈಲಿನಲ್ಲಿ ದೊಡ್ಡ ಪೆಟ್ಟಿಗೆ ಇಡುವ ಜಾಗವಿರುವ ಆಸನವನ್ನೇ ಮುಂಚೆ ಕಾಯ್ದಿರಿಸಬೇಕಾಗುವುದರಿಂದ ಚಿಕ್ಕ ಪೆಟ್ಟಿಗೆಯೇ ಒಳ್ಳೆಯದು.

ಸಸ್ಯಾಹಾರಿಗಳು ಎಚ್ಚರದಿಂದಿರಬೇಕು: ತರಕಾರಿಯದೆಂದು ಕಾಣುವ ಸಾರಿನಲ್ಲಿಯೂ ದಾಶಿ ಎಂಬ ಒಣಮೀನಿನ ರಸ ಹಲವು ಸಲ ಇರುತ್ತದೆ. ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ಮಾಂಸದ ಪದಾರ್ಥಗಳನ್ನೂ ಪ್ರಮಾಣಪತ್ರವಿಲ್ಲದ ಹಣ್ಣು, ಹಸಿ ಸೊಪ್ಪುಗಳನ್ನೂ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಕರಿಬೇವನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಪ್ರತಿ ರಾತ್ರಿ ಊಟದ ನಂತರ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕುಳಿತು, ಆ ದಿನ ಕಂಡ ಒಂದು ಯಂತ್ರದ ಅಥವಾ ಒಂದು ಕೆಲಸದ ಕ್ರಮವನ್ನು ಕನ್ನಡದಲ್ಲಿ ಪರಸ್ಪರ ವಿವರಿಸಲಿ. ಹೇಳಲು ತಡವರಿಸಿದ ಕಡೆಗೆ ಗುರುತು ಹಾಕಿಕೊಳ್ಳಲಿ. ಊರಿಗೆ ಮರಳಿದ ಮೇಲೆ, ಬೆಂಗಳೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಗೆ ಕಾಲೇಜಿನ ಮೂಲಕ ಅನುಮತಿ ಕೋರಿ, ಆ ಗುರುತು ಹಾಕಿದ ಪುಟಗಳನ್ನು ಹಿಡಿದುಕೊಂಡೇ ಹೋಗಬೇಕು.