ಬೀಗಲ್ ಮರಿಗೆ ಶೌಚದ ಪಾಠ: ಮೂಗನ್ನು ಗೆದ್ದರೆ ಅರ್ಧ ಗೆದ್ದಂತೆ

ಬೀಗಲ್ ತಳಿಯ ನಾಯಿಮರಿ ತಂದ ಮನೆಗಳಲ್ಲೆಲ್ಲ ಕೇಳಿಬರುವ ದೂರು ಒಂದೇ: ‘ಅರ್ಧ ಗಂಟೆ ಹೊರಗೆ ಸುತ್ತಾಡಿಸಿದರೂ ಏನೂ ಮಾಡಲ್ಲ, ಒಳಗೆ ಕಾಲಿಟ್ಟ ಕೂಡಲೇ ಹಾಲ್‌ನಲ್ಲಿ ಉಚ್ಚೆ ಹೊಯ್ಯುತ್ತೆ.’ ಇದು ಹಟವಲ್ಲ, ಸೇಡೂ ಅಲ್ಲ. ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿಯಲೆಂದೇ ಬೆಳೆಸಿದ ತಳಿ ಇದು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 1984ರಿಂದ ಪ್ರಯಾಣಿಕರ ಚೀಲದೊಳಗಿನ ಹಣ್ಣು, ಮಾಂಸ ಪತ್ತೆಹಚ್ಚುತ್ತಿರುವುದೂ ಇದೇ ಮೂಗು. ಹೊರಗೆ ಹೋದೊಡನೆ ಆ ಮೂಗು ನೆಲಕ್ಕೆ ಅಂಟಿಕೊಳ್ಳುತ್ತದೆ, ಮರಿಗೆ ಬಂದ ಕೆಲಸವೇ ಮರೆತುಹೋಗುತ್ತದೆ. ಏನೂ ಸ್ವಾರಸ್ಯವಿಲ್ಲದ ಟೈಲ್ಸ್ ಮೇಲೆ ಬಂದಾಗ ನೆನಪಾಗುತ್ತದೆ.

1. ಸಾಮಾನು

30 ಇಂಚು ಉದ್ದದ ತಂತಿ ಕ್ರೇಟ್ (ಮರಿ ಮಲಗುವ ಗೂಡು), ಒಂದು ಹಗುರ ಲೀಶ್ (ಕೊರಳಪಟ್ಟಿಗೆ ಕಟ್ಟುವ ಹಗ್ಗ), ಉಚ್ಚೆಯ ವಾಸನೆಯನ್ನು ಒಡೆದು ತೆಗೆಯುವ ಎನ್‌ಜೈಮ್ ಇರುವ ಕ್ಲೀನರ್. ಇಷ್ಟು ಸಾಕು. ಕ್ರೇಟ್‌ಗೆ ನಡುವೆ ಸರಿಸಬಹುದಾದ ತಡೆ ಇರಲೇಬೇಕು. ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟೇ ಜಾಗ ಬಿಡಿ. ಹೆಚ್ಚು ಬಿಟ್ಟರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಕಕ್ಕಸು.

ಪರಿಮಳದ ಪೀ ಪ್ಯಾಡ್ (ಉಚ್ಚೆ ಹೀರುವ ಹಾಸು) ಕೊಳ್ಳಬೇಡಿ. ಬೀಗಲ್ ಅದನ್ನು ಬಳಸುವ ಮೊದಲು ಹರಿದು ತಿನ್ನುತ್ತದೆ, ಒಳಗಿನ ಜೆಲ್ ಹೊಟ್ಟೆ ಸೇರುತ್ತದೆ. ‘ಇಲ್ಲಿ ಸಿಂಪಡಿಸಿದರೆ ಇಲ್ಲೇ ಮಾಡುತ್ತದೆ’ ಎಂಬ ಸ್ಪ್ರೇಗಳೂ ದುಡ್ಡು ದಂಡ. ದಿನಪತ್ರಿಕೆ ಹಾಸುವುದು ನಮ್ಮಲ್ಲಿ ಹಳೇ ಪದ್ಧತಿ, ಆದರೆ ಕಾಗದದ ಮೇಲೆ ಕಲಿತ ಮರಿಗೆ ಸೋಫಾ ಪಕ್ಕ ಬಿದ್ದ ಭಾನುವಾರದ ಪುರವಣಿಯೂ ಶೌಚಾಲಯವೇ.

2. ಜಾಗ

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಸುಮಾರು 16 ವಾರದವರೆಗೆ ನಡೆಯುತ್ತದೆ. ಅದು ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಎಳೆಮರಿಯನ್ನು ಎರಡು-ಮೂರು ದಿನದಲ್ಲಿ ಮುಗಿಸಿಬಿಡಬಲ್ಲದು. ಕಾಂಪೌಂಡ್ ಇದ್ದರೆ ಅದರೊಳಗೆ ಒಂದು ಮೂಲೆ. ಅಪಾರ್ಟ್‌ಮೆಂಟ್ ಆದರೆ ಬಾಲ್ಕನಿಯಲ್ಲಿ ಎರಡು-ಮೂರು ಅಡಿಯ ಟ್ರೇ, ಅದರಲ್ಲಿ ನರ್ಸರಿಯಿಂದ ತಂದ ಲಾನ್ ಹುಲ್ಲು, ಮಣ್ಣಿನ ಸಮೇತ. ಪ್ಲಾಸ್ಟಿಕ್ ಹುಲ್ಲಿನ ತಳದಲ್ಲಿ ಉಚ್ಚೆ ನಿಂತು ನಾರುತ್ತದೆ. ನಿಜವಾದ ಹುಲ್ಲು ಕಲಿತರೆ ಮುಂದೆ ಪಾರ್ಕಿನಲ್ಲೂ ಪಾಠ ಹೊಸದಾಗಿ ಶುರು ಮಾಡಬೇಕಿಲ್ಲ.

3. ಹೊತ್ತು

ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು-ಇಪ್ಪತ್ತು ನಿಮಿಷಕ್ಕೆ, ಆಟದ ನಡುವೆ, ಮಲಗುವ ಮುಂಚೆ ಹೊರಗೆ ಒಯ್ಯಿರಿ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಇವಲ್ಲದೆ ಮುಕ್ಕಾಲು ಗಂಟೆಗೊಮ್ಮೆ. ಊಟ ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು. ಹದಿನೈದು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ.

4. ಹೊರಗಿನ ಐದು ನಿಮಿಷ

ಬಹಳಷ್ಟು ಮಂದಿ ಎಡವುವುದು ಇಲ್ಲೇ. ಮರಿಯನ್ನು ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಿ. ನಡೆಸಿದರೆ ಲಿಫ್ಟ್ ಬಾಗಿಲಲ್ಲೇ ಕೆಲಸ ಮುಗಿದಿರುತ್ತದೆ. ನಿಮ್ಮದೇ ಕಾಂಪೌಂಡ್ ಆದರೂ ಲೀಶ್ ಹಾಕಿ. ದಿನವೂ ಅದೇ ಜಾಗದಲ್ಲಿ ಇಳಿಸಿ, ಕಂಬದ ಹಾಗೆ ನಿಂತುಬಿಡಿ. ಲೀಶ್‌ನ ಸುತ್ತಳತೆಯಲ್ಲಿ ಮರಿ ಏನು ಬೇಕಾದರೂ ಮೂಸಲಿ, ನೀವು ಮಾತ್ರ ಒಂದು ಹೆಜ್ಜೆಯೂ ಸರಿಯಬೇಡಿ, ಮಾತಾಡಬೇಡಿ, ಫೋನ್ ತೆಗೆಯಬೇಡಿ. ಅಷ್ಟು ಜಾಗದ ವಾಸನೆಯೆಲ್ಲ ಎರಡು-ಮೂರು ನಿಮಿಷದಲ್ಲಿ ಹಳತಾಗುತ್ತದೆ. ಆಗ ಮರಿ ಸುತ್ತು ಹಾಕಿ, ಹಿಂಗಾಲು ತಗ್ಗಿಸುತ್ತದೆ. ಹೊಯ್ಯುತ್ತಿರುವಾಗಲೇ ಮೆಲ್ಲಗೆ ‘ಸುಸ್ಸು’ ಎನ್ನಿ. ಮುಂದೆ ಅದೇ ಮಾತು ಅಪ್ಪಣೆಯಾಗುತ್ತದೆ. ಮುಗಿಸಿದ ಎರಡು ಸೆಕೆಂಡಿನೊಳಗೆ, ನಿಂತಲ್ಲೇ, ಬಾಯಿಗೆ ತಿನಿಸು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಮರಿ ಕಲಿಯುವುದು ‘ಒಳಗೆ ಬಂದರೆ ತಿನಿಸು’ ಎಂದಷ್ಟೇ.

ಎಳೆಮರಿಗಳು ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡುವುದಿಲ್ಲ. ಇನ್ನೆರಡು ನಿಮಿಷ ಕಾಯಿರಿ, ಎರಡನೇ ಕಂತು ಬರುತ್ತದೆ. ಆಮೇಲೆ ಮೂಸಾಟಕ್ಕೆ ಐದು-ಹತ್ತು ನಿಮಿಷ ಬಿಡಿ. ಬೀಗಲ್‌ಗೆ ಕೋಳಿ ತುಂಡಿನಷ್ಟೇ ದೊಡ್ಡ ಬಹುಮಾನ ಅದು. ಕೆಲಸ ಮುಗಿದ ಕೂಡಲೇ ಎಳೆದುಕೊಂಡು ಒಳಗೆ ಬರುವವರ ಮರಿ ತಡೆದುಕೊಳ್ಳುವುದನ್ನೇ ಕಲಿಯುತ್ತದೆ.

ಐದು ನಿಮಿಷವಾದರೂ ಏನೂ ಆಗಲಿಲ್ಲವೇ? ಒಳಗೆ ಬನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೋ ಕ್ರೇಟ್‌ನಲ್ಲೋ ಹತ್ತು-ಹದಿನೈದು ನಿಮಿಷ ಇಟ್ಟುಕೊಂಡು ಮತ್ತೆ ಅದೇ ಜಾಗಕ್ಕೆ. ಬೇಸರವಾಗುತ್ತದೆ, ನಿಜ. ಆದರೆ ಮೊದಲೆರಡು ವಾರ ಈ ಹತ್ತು ನಿಮಿಷ ತಪ್ಪಿಸಿದವರು ಆರು ತಿಂಗಳು ನೆಲ ಒರೆಸುತ್ತಾರೆ. ಮಳೆಗಾಲದಲ್ಲಿ ಒದ್ದೆ ನೆಲ ಮುಟ್ಟಲ್ಲ ಎಂದು ಮುದುರುವ ಮರಿಗಳೇ ಹೆಚ್ಚು. ಅಂಥವಕ್ಕೆ ಸೂರಿನ ಕೆಳಗೊಂದು ಜಾಗ ಮೊದಲೇ ಗೊತ್ತು ಮಾಡಿಡಿ.

5. ಒಳಗೆ ಆಗಿಹೋದಾಗ

ಕಣ್ಣೆದುರೇ ಶುರುವಾದರೆ ಒಮ್ಮೆ ಚಪ್ಪಾಳೆ ತಟ್ಟಿ, ಎತ್ತಿ ಹೊರಗೆ ಒಯ್ಯಿರಿ. ಆಮೇಲೆ ಕಂಡಿದ್ದಾದರೆ ಸುಮ್ಮನೆ ಒರೆಸಿ. ಮೂತಿ ತಿಕ್ಕುವುದು, ಪೇಪರ್ ಸುತ್ತಿ ಹೊಡೆಯುವುದು ಮಾಡಿದರೆ ‘ಇವರ ಮುಂದೆ ಮಾಡಬಾರದು’ ಎಂಬ ಪಾಠ ಮಾತ್ರ ತಲೆಗೆ ಹೋಗುತ್ತದೆ. ಆಮೇಲೆ ಹೊರಗೂ ನಿಮ್ಮೆದುರು ಮಾಡುವುದಿಲ್ಲ, ಒಳಗೆ ಮಂಚದಡಿ ಹುಡುಕಿಕೊಂಡು ಹೋಗುತ್ತದೆ.

ಒರೆಸುವುದರಲ್ಲೂ ಕ್ರಮವಿದೆ. ಮೊದಲು ಒಣಬಟ್ಟೆ ಒತ್ತಿ ಹೀರಿಸಿ, ತಿಕ್ಕಬೇಡಿ. ನಂತರ ಬರೀ ನೀರು. ಆಮೇಲೆ ಎನ್‌ಜೈಮ್ ಕ್ಲೀನರ್ ಧಾರಾಳವಾಗಿ ಸುರಿದು, ಕಲೆಗಿಂತ ಒಂದು ಗೇಣು ಆಚೆಯವರೆಗೂ ಹರಡಿ, ಕನಿಷ್ಠ ಹದಿನೈದು ನಿಮಿಷ ಒದ್ದೆಯಾಗಿಯೇ ಬಿಡಿ. ಸಿಂಪಡಿಸಿದ ಕೂಡಲೇ ಒರೆಸಿದರೆ ಉಚ್ಚೆಯ ಅಂಶ ಹಾಗೇ ಉಳಿಯುತ್ತದೆ. ನಮಗೆ ವಾಸನೆ ಬರುವುದಿಲ್ಲ, ಬೀಗಲ್‌ಗೆ ಬರುತ್ತದೆ, ಮರುದಿನ ಅಲ್ಲೇ ಕೂರುತ್ತದೆ. ಟೈಲ್ಸ್ ಸಂದಿನ ಸಿಮೆಂಟ್ ಉಚ್ಚೆ ಹೀರುವ ಕಾರಣ ಅಲ್ಲಿ ಎರಡು ಸಲ. ಫಿನಾಯಿಲ್ ಬೇಡವೇ ಬೇಡ. ಅದು ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ, ಪಂಜ ನೆಕ್ಕುವ ಮರಿಯ ಹೊಟ್ಟೆಗೂ ಹೋಗುತ್ತದೆ. ಅಮೋನಿಯ ಇರುವ ಕ್ಲೀನರ್‌ನ ವಾಸನೆಯಂತೂ ಉಚ್ಚೆಗೆ ಹತ್ತಿರ. ಎನ್‌ಜೈಮ್ ಸಿಗದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಳಸಬಹುದು, ಆದರೆ ಅಮೃತಶಿಲೆ, ಕಡಪ ಕಲ್ಲಿನ ಮೇಲೆ ಬೇಡ. ಆಮ್ಲ ಹೊಳಪು ತಿನ್ನುತ್ತದೆ. ಹಳೇ ಕಲೆ ಎಲ್ಲಿದೆ ಎಂದು ತಿಳಿಯದಿದ್ದರೆ ರಾತ್ರಿ ದೀಪ ಆರಿಸಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಟ್ಟು ನೋಡಿ. ಇನ್ನು, ಮನೆಯೆಲ್ಲ ಒರೆಸುವ ಬಟ್ಟೆಯಿಂದಲೇ ಇದನ್ನೂ ಒರೆಸಿದರೆ ಎಲ್ಲ ಕೋಣೆಗೂ ಆಹ್ವಾನಪತ್ರ ಹಂಚಿದಂತೆ.

6. ರಾತ್ರಿ

ಕ್ರೇಟ್ ನಿಮ್ಮ ಮಂಚದ ಪಕ್ಕ. ಎರಡು-ಎರಡೂವರೆ ತಿಂಗಳ ಮರಿಗೆ ನಡುರಾತ್ರಿ ಒಂದೆರಡು ಸಲ ಅಲಾರಂ ಇಟ್ಟು, ದೀಪ ಹಾಕದೆ, ಮುದ್ದಿಸದೆ, ಒಯ್ದು ತನ್ನಿ. ಹಗಲು ನೀರು ಕಡಿಮೆ ಮಾಡುವ ಅಡ್ಡದಾರಿ ಹಿಡಿಯಬೇಡಿ. ಮಲಗುವ ಒಂದು ಗಂಟೆ ಮೊದಲು ಬಟ್ಟಲು ಎತ್ತಿದರೆ ಸಾಕು, ಕಡುಬೇಸಿಗೆಯಲ್ಲಿ ಅದೂ ಬೇಡ.

7. ಕರೆದರೆ ಬರುವ ಪಾಠ

ಮನೆಯವರೆಲ್ಲ ಒಂದೇ ಮಾತು ಬಳಸಿ. ಅಜ್ಜಿ ‘ಬಾರೋ’, ಮಗ ‘ಕಮ್’, ನೀವು ‘ಇಲ್ಲಿ’ ಎಂದರೆ ಮೂರೂ ಕೆಲಸಕ್ಕೆ ಬಾರವು. ಸ್ನಾನಕ್ಕೆ, ಮಾತ್ರೆಗೆ ಆ ಮಾತಿನಿಂದ ಕರೆಯಬೇಡಿ, ಹೋಗಿ ಎತ್ತಿಕೊಳ್ಳಿ. ಬಯಲಲ್ಲಿ ಹತ್ತು ಮೀಟರ್ ಹಗ್ಗ ಕಟ್ಟಿಯೇ ಅಭ್ಯಾಸ. ಎಷ್ಟೇ ಕಲಿತರೂ ಬೇಲಿಯಿಲ್ಲದ ಕಡೆ ಬೀಗಲ್‌ನ ಲೀಶ್ ಬಿಚ್ಚಬಾರದು. ಜಾಡು ಸಿಕ್ಕಿದರೆ ಕಿವಿ ಮುಚ್ಚಿಹೋಗುತ್ತದೆ.

ತಿನಿಸು ಕಡಲೆಕಾಳಿನಷ್ಟಿರಲಿ: ಬೇಯಿಸಿದ ಕೋಳಿ, ಕ್ಯಾರೆಟ್ ಚೂರು. ದಿನದ ಊಟದಲ್ಲಿ ಅಷ್ಟನ್ನು ಕಳೆಯಿರಿ, ಈ ತಳಿ ಕಣ್ಣೆದುರೇ ಊದುತ್ತದೆ. ಕೇಸರಿಬಾತು, ಪಾಯಸದಿಂದ ಒಂದು ಚಮಚೆ ಕೊಡುವ ಅಭ್ಯಾಸ ಬಿಡಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಔಷಧ ಪರೀಕ್ಷೆಗೆ ಬಳಸಿ ಪ್ರಯೋಗಾಲಯದಿಂದ ಬಿಡುಗಡೆಯಾದ ದೊಡ್ಡ ಬೀಗಲ್ ದತ್ತು ಪಡೆದವರಿಗೂ ಶೌಚದ ಪಾಠಕ್ಕೆ ಇದೇ ಕ್ರಮ. ಪಂಜರದಲ್ಲೇ ಮಲಮೂತ್ರ ಮಾಡಿ ರೂಢಿಯಿರುವುದರಿಂದ ಅದನ್ನು ಎರಡು ತಿಂಗಳ ಮರಿ ಎಂದೇ ಎಣಿಸಿ ಮೊದಲಿನಿಂದ ಶುರು ಮಾಡಿ.

ಮರಿಗೆ ಮೊದಲು ಒಂದೇ ಕೋಣೆ ಕೊಡಿ; ಇಡೀ ಒಂದು ತಿಂಗಳು ಮನೆಯೊಳಗೆ ಒಂದು ಸಲವೂ ಆಗದಿದ್ದರೆ ಇನ್ನೊಂದು ಕೋಣೆ ತೆರೆಯಿರಿ, ಮನೆಯಿಡೀ ಒಟ್ಟಿಗೆ ಬೇಡ. ಬಹಳಷ್ಟು ಮರಿಗಳು ನಾಲ್ಕರಿಂದ ಆರು ತಿಂಗಳಲ್ಲಿ ದಾರಿಗೆ ಬರುತ್ತವೆ, ಬೀಗಲ್ ತುಸು ತಡ. ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ನಾಲ್ಕೇ ಹನಿ ಹೊಯ್ದರೆ, ತಿಣುಕಿದರೆ, ಬಣ್ಣ ಕೆಂಪಾದರೆ ಪಾಠ ನಿಲ್ಲಿಸಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಅದು ಮೂತ್ರನಾಳದ ಸೋಂಕಿರಬಹುದು.