ಹೃದಯದ ಕಾಯಿಲೆ ಇದೆಯಾ? ಬಿಪಿ ಎರಡೂ ಕೈಯಲ್ಲಿ ನೋಡಿ

ನಮ್ಮ ಮಾವನಿಗೆ ಬೈಪಾಸ್ ಆಗಿ ಐದು ವರ್ಷ. ಬದಿಯಡ್ಕದ ಹತ್ತಿರ ಮನೆ. ದಿನಾ ಬೆಳಿಗ್ಗೆ ಎಡಗೈಗೆ ಪಟ್ಟಿ ಕಟ್ಟಿ ನೋಡುತ್ತಾರೆ, 126, 128, ಅದರ ಆಚೀಚೆ. ಮೊನ್ನೆ ಮಾತ್ರೆ ತರಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಸಿಸ್ಟರ್ ಬಲಗೈಗೆ ಕಟ್ಟಿದರು. 150! ನಿಮ್ಮ ಮಿಷನ್ ಹಾಳಾಗಿದೆ ಅಂತ ಇವರು, ನಿಮ್ಮ ಮನೆಯದ್ದೇ ಹಾಳಾಗಿರಬೇಕು ಅಂತ ಅವರು. ಎರಡೂ ಸರಿಯೇ ಇತ್ತು. ಕೈ ಬೇರೆ, ಅಷ್ಟೇ.

ನಾಲ್ಕೈದು ಅಂಕಿ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ. ಕೆಲಸ ಮಾಡುವ ಕೈಯಲ್ಲಿ ಬಿಪಿ ಜಾಸ್ತಿ ಅಂತ ಹೇಳುವವರಿದ್ದಾರೆ, ಆದರೆ ಇಪ್ಪತ್ತು ಅಂಕಿಗೆ ಆ ಲೆಕ್ಕ ಸಾಲದು. ಮೇಲಿನ ಅಂಕಿಯಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ಹೇಳಲೇಬೇಕು.

ನೋಡುವ ಮೊದಲು ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪಿನ ಎಲೆಯಡಿಕೆ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದಲ್ಲ, ಬೆನ್ನು ಒರಗುವ ಕುರ್ಚಿ, ಕಾಲು ನೆಲಕ್ಕೆ, ಐದು ನಿಮಿಷ ಸುಮ್ನೆ. ಮಾತು ಬೇಡ. ಪಟ್ಟಿ ಅಂಗಿಯ ಮೇಲಲ್ಲ, ಬರಿಗೈಗೆ. ತೋಳು ದಪ್ಪ ಇದ್ದು ಪಟ್ಟಿ ಸಣ್ಣದಾದರೆ ಅಂಕಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲಿ: ಮೇಜು ಬಲಕ್ಕಿರುತ್ತದೆ, ಬಲಗೈ ಮೇಜಿನ ಮೇಲೆ, ಎಡಗೈ ನೋಡುವಾಗ ತೊಡೆಯ ಮೇಲೆ. ಕೈ ಕೆಳಗಿಳಿದಷ್ಟೂ ಅಂಕಿ ಏರುತ್ತದೆ, ಹಾಗಾಗಿ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ, ಇಲ್ಲವೇ ಇದ್ದದ್ದು ಅಡಗುತ್ತದೆ. ಕುರ್ಚಿ ತಿರುಗಿಸಿಕೊಳ್ಳಿ. ಬೈರಾಸು ಮಡಚಿ ಕೈ ಕೆಳಗಿಟ್ಟು, ಪಟ್ಟಿ ಎದೆಯ ನಡುಮಟ್ಟಕ್ಕೆ ಬರುವ ಹಾಗೆ ಮಾಡಿ.

ಇನ್ನೊಂದು, ಮೊದಲ ಸಲದ ಅಂಕಿ ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ. ಅದಕ್ಕೆ ಬಲ, ಎಡ, ಮತ್ತೆ ಎಡ, ಬಲ, ಈ ಕ್ರಮದಲ್ಲಿ ಒಂದೊಂದು ನಿಮಿಷ ಬಿಟ್ಟು ನೋಡಿ. ಒಂದೊಂದು ಕೈಯ ಸರಾಸರಿ ತೆಗೆಯಿರಿ. ಮೂರು ದಿನ ಹೀಗೆ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿದ ಕೈಗೆ ಪಟ್ಟಿ ಕಟ್ಟಲೇಬಾರದು. ನಾಡಿ ಏರುಪೇರಾಗಿ ಬಡಿಯುವವರಿಗೆ ಮಿಷನ್ ಅಂಕಿ ಹಾರಾಡುತ್ತದೆ, ಅಂಥವರು ಡಾಕ್ಟರ ಕೈಯಲ್ಲೇ ನೋಡಿಸಿ.

ವ್ಯತ್ಯಾಸ ನಿಜ ಅಂತಾದರೆ ಮುಂದೆ ಯಾವಾಗಲೂ ಜಾಸ್ತಿ ಬರುವ ಕೈಯನ್ನೇ ನಂಬಿ. ಕಮ್ಮಿ ಬರುವ ಕಡೆ ರಕ್ತನಾಳ ಕೊಬ್ಬು ಕಟ್ಟಿ ಕಿರಿದಾಗಿರಬಹುದು, ಮತ್ತು ಅದು ಕೈಯ ಒಂದೇ ಕಥೆ ಅಲ್ಲ, ಹೃದಯದ ನಾಳಕ್ಕೆ ಬರುವ ಕಾಯಿಲೆಯೂ ಅದೇ ಜಾತಿಯದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 3,390 ಜನರನ್ನು ಸುಮಾರು 13 ವರ್ಷ ಗಮನಿಸಿ 2014ರಲ್ಲಿ ಹೇಳಿದ್ದು: 10 ಅಥವಾ ಜಾಸ್ತಿ ವ್ಯತ್ಯಾಸ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಇಂಥದ್ದರ ಅಪಾಯ 38 ಶೇಕಡಾ ಹೆಚ್ಚು. ಅವರಿಗೆ ಶುರುವಿನಲ್ಲಿ ಹೃದಯದ ಕಾಯಿಲೆಯೇ ಇರಲಿಲ್ಲ!

ಬೈಪಾಸ್ ಆದವರಿಗೆ ಎಡಗೈ ಇನ್ನೂ ಮುಖ್ಯ. ಹೆಚ್ಚಾಗಿ ಎದೆಯೊಳಗಿನ ಒಂದು ನಾಳವನ್ನು ಹೃದಯಕ್ಕೆ ಜೋಡಿಸಿರುತ್ತಾರಲ್ಲ, ಅದು ಕವಲೊಡೆಯುವುದು ಎಡಗೈಗೆ ಹೋಗುವ ದೊಡ್ಡ ನಾಳದಿಂದ. ಕವಲಿಗಿಂತ ಮೊದಲೇ ಅದು ಕಿರಿದಾದರೆ ಹೃದಯಕ್ಕೂ ರಕ್ತ ಕಮ್ಮಿ. ಎಡಗೈಯಲ್ಲಿ ಕೆಲಸ ಮಾಡುವಾಗ ರಕ್ತ ಹೃದಯದ ಕಡೆಯಿಂದ ಕೈಗೇ ಹಿಂದೆ ಹರಿದು ಎದೆನೋವು ಬರುವುದೂ ಉಂಟು. ಮಾವನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಅದೇ, ಬಾವಿಯಿಂದ ನೀರು ಸೇದುವಾಗ ಎದೆ ಹಿಡಿದ ಹಾಗಾಗುತ್ತಾ? ಆಮೇಲೆ ನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಬರೆದುಕೊಟ್ಟರು.

ಎದೆ ಅಥವಾ ಬೆನ್ನು ಸೀಳಿದ ಹಾಗೆ ದಿಢೀರ್ ನೋವು ಬಂದರೆ ಮಾತ್ರ ಪಟ್ಟಿ ಹುಡುಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಉಳಿದಂತೆ ಮಾತ್ರೆ ನೀವೇ ಏರಿಸಬೇಡಿ. ಪುಸ್ತಕದಲ್ಲಿ ಅಂಕಿಯ ಪಕ್ಕ ‘ಎ’ ಅಥವಾ ‘ಬ’ ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ.