ನೆಟ್ ಇಲ್ಲದ ಮಳೆಗಾಲದಲ್ಲಿ ಫ್ಲೈಟ್ ಪ್ಲಾನಿಂಗ್: ನನ್ನ ಅನುಭವ

ಮೈಸೂರಿನಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 112 ನಾಟಿಕಲ್ ಮೈಲಿ (ಮುಂದೆ ಮೈಲಿ ಅಂದರೆಲ್ಲ ಇದೇ). ಆ ಗೆರೆ ಪುಷ್ಪಗಿರಿಯ ಪಕ್ಕದಲ್ಲೇ ಹಾದು ಕುಕ್ಕೆ ಸುಬ್ರಹ್ಮಣ್ಯದ ತಲೆ ಮೇಲೆ ಇಳಿಯುತ್ತದೆ. ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ, ಪುಟ್ಟ ಸೆಸ್ನಾ 172 ವಿಮಾನದಲ್ಲಿ ಈ ದಾರಿಯನ್ನು ಸುರಿಯುವ ಮಳೆಗಾಲದಲ್ಲಿ, ಮನೆಯಲ್ಲಿ ಕೂತು, ಇಂಟರ್ನೆಟ್ ಇಲ್ಲದೆ, ಚಂದಾ ಕಟ್ಟದೆ ಪ್ಲಾನ್ ಮಾಡಿ ಹಾರುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಒಪ್ಪಲಿಲ್ಲ. "ಅದೆಲ್ಲ ಹತ್ತು ವರ್ಷ ಹಿಂದಿನ ಮಾತು ಗುರು, ಈಗ ಎಲ್ಲಾ ಆನ್‌ಲೈನ್" ಅಂದರು. ಈಗ ಹಾರಿ ತೋರಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ತೋಟ ಇಟ್ಟುಕೊಂಡವನಿಗೆ ಸಿಮ್ಯುಲೇಟರ್ ಮುಂದೆ ಕೂರಲು ಪುರುಸೊತ್ತು ಸಿಗುವುದು ಮಳೆಗಾಲದಲ್ಲೇ. ಡಿಸೆಂಬರಿನಿಂದ ಕಾಫಿ ಕೊಯ್ಲು, ಒಣಗಿಸುವುದು, ಅದರ ಬೆನ್ನಿಗೇ ಕಾಳುಮೆಣಸು. ಜೂನ್ ಬಂದ ಮೇಲೆ ರಾತ್ರಿಗಳು ನನ್ನವು. ಆದರೆ ಆಗಲೇ ಮರ ಬಿದ್ದು ಲೈನ್ ಹರಿಯುವುದು, ಟವರಿನ ಬ್ಯಾಟರಿ ಮುಗಿದು ಮೊಬೈಲ್ ಸತ್ತುಹೋಗುವುದು. ಕರೆಂಟಿನ ಚಿಂತೆ ಇನ್ವರ್ಟರ್‌ಗೆ ಹದಿನೆಂಟು ಸಾವಿರದಷ್ಟು ಸುರಿದ ಮೇಲೆ ನೀಗಿತು, ಲ್ಯಾಪ್‌ಟಾಪ್ ಮೂರು ಗಂಟೆ ಧಾರಾಳವಾಗಿ ಓಡುತ್ತದೆ. ನೆಟ್ಟಿನದೇ ತಲೆನೋವು. ಒಂದು ಕಂಪನಿಯ ಡಾಂಗಲ್, ಮಾಡಿನ ಮೇಲೆ ಆಂಟೆನಾ, ಉದ್ದನೆಯ ಕೇಬಲ್ ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಜುಲೈ ಮೊದಲ ಗಾಳಿಗೇ ಆಂಟೆನಾ ಗಿಡಗಳ ಮಧ್ಯೆ ಬಿದ್ದಿತ್ತು. ಅದಕ್ಕೂ ಮುಂಚೆ ಒಂದು ಚಾರ್ಟ್ (ಪೈಲಟ್‌ಗಳ ನಕ್ಷೆ) ಚಂದಾಕ್ಕೆ ವರ್ಷಕ್ಕೆ ಎಂಟು ಸಾವಿರದ ಹತ್ತಿರ ಕಟ್ಟಿದ್ದೆ. ನೆಟ್ ಇಲ್ಲದ ಊರಿನಲ್ಲಿ ಅದರ ಬಹುಪಾಲು ತಿಂಗಳುಗಳು ಹಾಗೇ ಕಳೆದುಹೋದವು.

ಆನ್‌ಲೈನಿನಲ್ಲಿ ಫ್ಲೈಟ್ ಪ್ಲಾನ್ ಮಾಡಿಕೊಡುವ ಸಿಮ್‌ಬ್ರೀಫ್ ಬಗ್ಗೆ ನನಗೆ ಗೌರವವಿದೆ. ಬೆಂಗಳೂರಿನಿಂದ ದೆಹಲಿಗೆ 737 ಒಯ್ಯುವವನು ಅದನ್ನು ಬಿಟ್ಟು ಬೇರೆ ನೋಡಬೇಕಿಲ್ಲ. ಏರ್‌ವೇ, ಇಂಧನ, ಮೇಲಿನ ಗಾಳಿ ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ, ಅದೂ ಬಿಟ್ಟಿ. ಆದರೆ ಅದು ವಿಮಾನಯಾನ ಕಂಪನಿಯ ಡಿಸ್ಪ್ಯಾಚ್ ಕೋಣೆಯಲ್ಲಿ ಹಾರಾಟದ ಲೆಕ್ಕ ಹಾಕುವ ಕೆಲಸವನ್ನು ಸಿಮ್ಯುಲೇಟರಿನವರಿಗೆ ಅನುಕರಿಸಿಕೊಡಲು ಹುಟ್ಟಿದ್ದು, ಬ್ರೌಸರ್ ಬೇಕೇ ಬೇಕು. ಚಾರ್ಟ್ ತೋರಿಸುವ ಸೈಟ್ ಸ್ಕೈವೆಕ್ಟರ್ ಕೂಡ ಅಷ್ಟೇ. ಮೈಕ್ರೋಸಾಫ್ಟ್ ಸಿಮ್ಯುಲೇಟರ್ ನೆಲದ ಚಿತ್ರವನ್ನೇ ನೆಟ್‌ನಿಂದ ಎಳೆದುಕೊಳ್ಳುವುದರಿಂದ ನಮ್ಮ ಆಟಿ ತಿಂಗಳಿಗೆ ಅದು ಒಗ್ಗುವುದಿಲ್ಲ. ಕೊನೆಗೆ ಉಳಿದದ್ದು ಎಕ್ಸ್-ಪ್ಲೇನ್ ಸಿಮ್ಯುಲೇಟರ್, ಅದರ ಜೊತೆಗೆ ದಾರಿ ಪ್ಲಾನ್ ಮಾಡುವ ಲಿಟ್ಲ್ ನ್ಯಾವ್‌ಮ್ಯಾಪ್.

ಲಿಟ್ಲ್ ನ್ಯಾವ್‌ಮ್ಯಾಪ್ ಬಿಟ್ಟಿ, ಓಪನ್ ಸೋರ್ಸ್, ಸಿಮ್ಯುಲೇಟರಿನ ಸೀನರಿಯನ್ನೇ ಓದಿ ತನ್ನ ಡೇಟಾಬೇಸ್ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ ಅದರ ಎಲಿವೇಶನ್ ಪ್ರೊಫೈಲ್! ಘಟ್ಟದವರಿಗೆ ಬೇಕಾದದ್ದು ಅದೇ. ಗ್ಲೋಬ್ ಅನ್ನುವ ನೆಲದ ಎತ್ತರದ ಡೇಟಾವನ್ನು ಒಮ್ಮೆ ಇಳಿಸಿಟ್ಟರೆ ದಾರಿಯ ಕೆಳಗಿನ ಗುಡ್ಡಗಳೆಲ್ಲ ನೆಟ್ ಇಲ್ಲದೆ ಪರದೆಯ ಮೇಲೆ ಏಳುತ್ತವೆ, ಸುರಕ್ಷಿತ ಎತ್ತರ ಕೆಂಪು ಗೆರೆಯಲ್ಲಿ ಕಾಣುತ್ತದೆ.

ಇಲ್ಲಿ ಒಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಗ್ಲೋಬ್ ಡೇಟಾದಲ್ಲಿ ಒಂದು ಚೌಕ ಅಂದರೆ ಸುಮಾರು ಒಂದು ಕಿಲೋಮೀಟರ್. ಪುಷ್ಪಗಿರಿಯಂಥ ಚೂಪು ತುದಿ ಅದರಲ್ಲಿ ಸವೆದು ತಗ್ಗಾಗುತ್ತದೆ. ತುದಿ 1,712 ಮೀಟರ್, ಅಂದರೆ 5,600 ಅಡಿಯ ಮೇಲೆ. ಅಲ್ಲದೆ ಅದು ಗೆರೆಯಿಂದ ಎರಡು ಮೈಲಿ ಬಲಕ್ಕಿದೆ. ಪ್ರೊಫೈಲ್ ನೋಡಿದರೆ ಪಶ್ಚಿಮಕ್ಕೆ ಹೋಗುವವನಿಗೆ 6,500 ಅಡಿ ಸಾಕು ಅನ್ನಿಸುತ್ತದೆ. ಮೋಡದಲ್ಲಿ, ಗಾಳಿ ಪಶ್ಚಿಮದಿಂದ ಬಡಿಯುವಾಗ, ನಾವು ಗುಡ್ಡಕ್ಕೆ ಹತ್ತಿರವಾಗುವುದು ಗಾಳಿಯ ಮರೆಯ ಬದಿಯಿಂದ. ವಿಮಾನ ಅಲ್ಲೇ ಕೆಳಗೆ ಕುಸಿಯುವುದು. ಅದಕ್ಕೆ ನಾನು ಗುಡ್ಡದ ಮೇಲೆ ಬಿಡುವ ಸಾವಿರ ಅಡಿಯ ಬಫರನ್ನು ಎರಡು ಸಾವಿರಕ್ಕೆ ಏರಿಸಿದ್ದೇನೆ. ದಿಕ್ಕಿಗೆ ತಕ್ಕ ಎತ್ತರಗಳಲ್ಲಿ ಆರಿಸಿದರೆ ಹೋಗುವಾಗ 8,500, ಬರುವಾಗ 7,500 ಸಾಲದು, 9,500. ಪುಟ್ಟ ಸೆಸ್ನಾ ಹತ್ತಲು ಏದುಸಿರು ಬಿಡುತ್ತದೆ, ಬಿಡಲಿ.

ಗಾಳಿಯ ಲೆಕ್ಕ ಕೈಯಲ್ಲೇ. ಮುಂಗಾರಿನಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ) ಬೀಸುವುದು ಸಾಮಾನ್ಯ. ಅದನ್ನೇ ಎಕ್ಸ್-ಪ್ಲೇನ್‌ನ ಹವಾಮಾನದಲ್ಲೂ ನ್ಯಾವ್‌ಮ್ಯಾಪ್‌ನಲ್ಲೂ ತುಂಬುತ್ತೇನೆ. ಹೋಗುವಾಗ ಲೆಕ್ಕ ಒಂದು ಗಂಟೆ ಇಪ್ಪತ್ತು ನಿಮಿಷದ ಸುಮಾರು, ಇಳಿದದ್ದು ನಾಲ್ಕೈದು ನಿಮಿಷ ತಡವಾಗಿ. ಬರುವಾಗ ಒಂದು ಗಂಟೆಯೂ ಹಿಡಿಯಲಿಲ್ಲ. ಇಂಧನ ಹನ್ನೆರಡು ಗ್ಯಾಲನ್ ಅಂದಿತ್ತು, ಅರ್ಧ ಗ್ಯಾಲನ್ ಜಾಸ್ತಿ ಕುಡಿಯಿತು. ಕಾಸು ಕಟ್ಟಿದ ಯಾವುದೂ ನನಗೆ ಇಷ್ಟು ಹತ್ತಿರದ ಲೆಕ್ಕ ಕೊಟ್ಟಿರಲಿಲ್ಲ. ಗುಟ್ಟು ಇರುವುದು ವಿಮಾನದ ವೇಗ, ಏರಿಳಿತ, ಇಂಧನದ ಸಂಖ್ಯೆಗಳಿರುವ ಪರ್ಫಾರ್ಮೆನ್ಸ್ ಫೈಲಿನಲ್ಲಿ. ಜೊತೆಗೆ ಬರುವ ಫೈಲ್ ಬಳಸಬೇಡಿ, ನೀವೇ ಹಾರಿ ಕಟ್ಟಿಕೊಳ್ಳಿ. ಘಟ್ಟ ಇಳಿಯಲು ನಾನು ಹಾಕಿರುವ ಸಂಖ್ಯೆ ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದಿಡೀ ಮಳೆಗಾಲ ಹಿಡಿದಿದೆ.

ಮಧ್ಯದ ಗುರುತುಗಳಿಗೂ ದುಡ್ಡು ಬೇಕಿಲ್ಲ. ನಮ್ಮ ಬೆಟ್ಟದ ಮೇಲೆ ನ್ಯಾವ್‌ಡೇಟಾದಲ್ಲಿ (ದಾರಿಗುರುತುಗಳ ಪಟ್ಟಿಯಲ್ಲಿ) ಕಣ್ಣಿಗೆ ಕಾಣುವಂಥದ್ದೇನೂ ಇಲ್ಲ. ಅದಕ್ಕೆ ಯೂಸರ್ ಪಾಯಿಂಟ್, ಅಂದರೆ ನನ್ನದೇ ಗುರುತುಗಳನ್ನು, ಹಾಕಿಕೊಂಡೆ: ಹಾರಂಗಿ ಹಿನ್ನೀರು ಎಡಕ್ಕೆ ಮೂರು ಮೈಲಿ, ಸೋಮವಾರಪೇಟೆ ಬಲಕ್ಕೆ, ಆಮೇಲೆ ಪುಷ್ಪಗಿರಿ. ಮೈಸೂರಿನಿಂದ ಹಾರಂಗಿಗೆ ನಲವತ್ತೈದು ಮೈಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟರೊಳಗೆ 8,500 ಮುಟ್ಟಿರಬೇಕು. ಮುಟ್ಟಿಲ್ಲವಾದರೆ ಹಾರಂಗಿ ಮೇಲೆ ಒಂದು ಸುತ್ತು ಹಾಕಿ, ಆಮೇಲೆ ಮುಂದೆ ಹೋಗಿ. ಮಂಗಳೂರಿನ ಐಎಲ್‌ಎಸ್ 24ರ (24ನೇ ರನ್‌ವೇಗೆ ರೇಡಿಯೋ ಸಂಕೇತ ಹಿಡಿದು ಇಳಿಯುವ) ಚಾರ್ಟ್ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಮಾಹಿತಿ ಪುಸ್ತಕ ಎಐಪಿಯಲ್ಲೇ ಬಿಟ್ಟಿ ಸಿಗುತ್ತದೆ. ಮೇ ತಿಂಗಳಲ್ಲಿ ಇಳಿಸಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಆಯಿತು. ಚಾರ್ಟ್‌ಗಳನ್ನು ತಿದ್ದುವ ಸರದಿ, ಏರಾಕ್, 28 ದಿನಕ್ಕೊಮ್ಮೆ ಬದಲಾಗುತ್ತದೆ, ನಿಜ. ಮನೆಯಲ್ಲಿ ಹಾರುವವನಿಗೆ ನಾಲ್ಕು ತಿಂಗಳ ಹಳೆಯ ಚಾರ್ಟ್ ಏನೂ ತೊಂದರೆ ಮಾಡುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮೇಲಿನಿಂದ ತೆಗೆದ ಚಿತ್ರಗಳಿಂದ ನೆಲ ಕಟ್ಟುವ ಆರ್ಥೋ4ಎಕ್ಸ್‌ಪಿಯಲ್ಲಿ +12+075 ಟೈಲ್ (ಅಕ್ಷಾಂಶ 12, ರೇಖಾಂಶ 75ರ ಚೌಕ) ಕಟ್ಟಿದೆ, ಮಡಿಕೇರಿ, ತಲಕಾವೇರಿ, ತಡಿಯಂಡಮೋಳ್ ಎಲ್ಲ ಅದರಲ್ಲೇ ಬರುತ್ತವೆ. ನಮ್ಮ ಗದ್ದೆಯ ಬಯಲು ಗುರುತು ಸಿಕ್ಕಿತು, ಮನೆಯ ಹೆಂಚು ಸಿಗಲಿಲ್ಲ, ಮರಗಳ ನೆರಳು ಅಷ್ಟಿದೆ. ಚಿತ್ರ ಇಳಿಯಲು ಮಡಿಕೇರಿಯ ಗೆಳೆಯನ ಮನೆಯಲ್ಲಿ ಲ್ಯಾಪ್‌ಟಾಪ್ ಎರಡು ರಾತ್ರಿ ಬಿಡಬೇಕಾಯಿತು. ಬಿಟ್ಟಿ ಸಿಮ್ಯುಲೇಟರ್ ಫ್ಲೈಟ್‌ಗಿಯರ್ ಕೂಡ ನೋಡಿದೆ. ಕಾಸಿಲ್ಲದವರಿಗೆ ಅದೇ ಸರಿ, ಸೀನರಿ ಇಳಿಸಿಕೊಳ್ಳುವ ಟೆರಾಸಿಂಕ್ ಫೋಲ್ಡರನ್ನು ಮೊದಲೇ ತುಂಬಿಸಿ ಇಟ್ಟುಕೊಳ್ಳಬೇಕು ಅಷ್ಟೆ.

ನ್ಯಾವ್‌ಮ್ಯಾಪ್‌ನ ವೆಬ್ ಸರ್ವರ್ ಇನ್ನೊಂದು ಬಂಗಾರ. ಹಳೆಯ ಮೊಬೈಲಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ, ಅದೇ ಮೊಬೈಲಿನ ಬ್ರೌಸರಿನಲ್ಲಿ 8965 ಪೋರ್ಟ್ ತೆರೆದರೆ ಚಲಿಸುವ ನಕ್ಷೆ ಕೈಗೆ ಬರುತ್ತದೆ. ಸಿಮ್ ಕಾರ್ಡೇ ಬೇಡ. ಹಿನ್ನೆಲೆಯ ಟೋಪೋ ನಕ್ಷೆ ನೆಟ್ ಇಲ್ಲದೆ ಖಾಲಿ ಬರುತ್ತದೆ ಅನ್ನುವವರಿಗೆ: ನನಗೆ ಬರುವುದಿಲ್ಲ. ಕ್ಯಾಶ್ (ಇಳಿದ ನಕ್ಷೆ ಉಳಿಯುವ ಜಾಗ) ಹೇಗೆ ತುಂಬಿಸಿದೆ ಅನ್ನುವುದನ್ನು ನೀವೇ ಹುಡುಕಿ.

ಕೈಲ್‌ಪೊಳ್ದ್ ಹಬ್ಬದ ಊಟಕ್ಕೆ ಬಂದಿದ್ದ ಬೆಂಗಳೂರಿನ ಗೆಳೆಯನ ಎದುರಿಗೇ ಇದನ್ನು ಹಾರಿಸಿದೆ. ಆ ಸಂಜೆ ಟವರ್ ಸತ್ತಿತ್ತು. ಅವನು ಮೊಬೈಲಿನ ನಕ್ಷೆ ಹಿಡಿದು ಪಕ್ಕದಲ್ಲಿ ಕೂತು ಹಾರಂಗಿ, ಸೋಮವಾರಪೇಟೆ, ಕುಕ್ಕೆ ಅಂತ ಒಂದೊಂದಾಗಿ ಓದುತ್ತಾ ಹೋದ. ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ಮೋಡದಿಂದ ಹೊರಬಂದಾಗ "ಆ ಫೈಲ್ ಕೊಡು" ಅಂದ. ಕೊಟ್ಟೆ, ಇಳಿಯುವ ಸಂಖ್ಯೆ ಅಳಿಸಿ.

ಮುಂದಿನದು ಮೈಸೂರು–ಕಣ್ಣೂರು. 67 ಮೈಲಿಯ ಸಣ್ಣ ದಾರಿ, ಬ್ರಹ್ಮಗಿರಿ ದಾಟಿದ ಕೂಡಲೇ ನೆಲ ಜಾರುತ್ತದೆ, ಇಳಿಯಲು ಜಾಗವೇ ಕಮ್ಮಿ. ಮಳೆಗಾಲದ ಗಾಳಿಗೆ 25ನೇ ರನ್‌ವೇಯಲ್ಲಿ ನೇರ ಇಳಿಯಬಹುದು. ಈಗಿನ ಫೈಲ್ ಅದಕ್ಕೆ ಸಾಲದು, ಇಳಿಜಾರು ಬೇರೆ ಕಟ್ಟಬೇಕು. ಚಾರ್ಟ್ ಆಗಲೇ ಪ್ರಿಂಟ್ ಆಗಿದೆ.